ಎಡಕ್ಕೆ ತಿರುಗದ ಗಾಡಿ

ಸಿಂದಗಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಕಿತ್ತ ಗಿಡವನ್ನು ಡಾಂಬರಿನ ಮೇಲೆ ಹರವಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಎತ್ತು ಬೇಡ, ಕಣ ಬೇಡ, ಬೆನ್ನು ಬಗ್ಗಿಸುವುದೂ ಬೇಡ. ನಮ್ಮ ಕಡೆಯವರ ಈ ಜಾಣತನ ಇನ್ನೂ ಹೋಗಿಲ್ಲ. ಕಾರು ಓಡಿಸುತ್ತಿದ್ದ ನನ್ನ ತಂಗಿಯ ಮಗ ಗೊಣಗುತ್ತಲೇ ಅದರ ಮೇಲೆ ಹಾಯಿಸಿದ. ಗಾಲಿಯ ಕೆಳಗೆ ಕಾಯಿಗಳು ಚಟಚಟ ಒಡೆದವು. ಒಣ ಹೊಟ್ಟಿನ ವಾಸನೆ, ಕಾದ ಡಾಂಬರಿನ ವಾಸನೆ ಎರಡೂ ಸೇರಿ ಕಿಟಕಿಯಿಂದ ಒಳಗೆ ನುಗ್ಗಿದವು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಧೂಳು ಆಗಿಬರುವುದಿಲ್ಲವೇನು ದೊಡ್ಡವ್ವಾ ಎಂದು ಕೇಳಿದ. ಹೌದಪ್ಪ ಅಂದೆ. ಅವನಿಗೆ ಎಲ್ಲಿಂದ ಶುರು ಮಾಡಿ ಹೇಳಲಿ? ನಾನು ಹಿಂದೆ ನೌಕರಿ ಮಾಡಿದ ಊರಿನ ಕಮ್ಮಾರ ಮಾನಪ್ಪ ಹಾಸಿಗೆ ಹಿಡಿದಿದ್ದಾನೆ, ಒಮ್ಮೆ ನೋಡಬೇಕು ಅನ್ನುತ್ತಿದ್ದಾನೆ ಎಂದು ಸುದ್ದಿ ಬಂದಿತ್ತು. ಬಸವನ ಬಾಗೇವಾಡಿಯಿಂದ ಅದಕ್ಕೇ ಹೊರಟಿದ್ದೆ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ನಡುವಿನ ಮಾತು. ಕನ್ನೊಳ್ಳಿಯ ಕಡೆ ಒಂದು ಸಣ್ಣ ಊರಲ್ಲಿ ನಾನು ಹೆರಿಗೆ ನರ್ಸ್. ಊರವರ ಬಾಯಲ್ಲಿ ‘ಬಾಯಾರು’. ಸುತ್ತಲಿನ ಹಳ್ಳಿಗಳೆಲ್ಲ ನನ್ನ ಪಾಲಿಗೇ ಬಿದ್ದಿದ್ದವು. ಹಳ್ಳಿ ಅಂದರೆ ಹಳ್ಳಿಯಲ್ಲ, ಎರೆಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಚೆಲ್ಲಿದ ಮನೆಗಳು. ಸಿಂದಗಿಯಿಂದ ನಮ್ಮೂರ ತಿರುವಿನ ತನಕ ಬಸ್ಸಿತ್ತು. ಅದರಾಚೆಗೆ ನಮ್ಮ ಕಾಲೇ ಗತಿ. ಮೊದಲ ವರ್ಷ ನಡೆದು ನಡೆದು ಹಿಮ್ಮಡಿ ಒಡೆದು, ರಾತ್ರಿ ಮಲಗುವ ಮುಂದೆ ಔಡಲೆಣ್ಣೆ ಹಚ್ಚಿಕೊಳ್ಳುವಾಗ, ಯಾವ ಪುಣ್ಯಾತ್ಮ ನನಗೆ ಈ ನೌಕರಿ ಕೊಟ್ಟನೋ ಎಂದು ಶಾಪ ಹಾಕುತ್ತಿದ್ದೆ.

ನಮ್ಮ ಯಜಮಾನರು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಮುದ್ದೇಬಿಹಾಳದವರು. ಎದೆ ಸೆಟೆಸಿ ನಡೆಯುವ ಮನುಷ್ಯ. ಅವರು ಒಮ್ಮೆ ‘ಸಾವಧಾನ್’ ಅಂದರೆ ಮೈದಾನದ ಆಚೆ ಬೀಡಿ ಸೇದುತ್ತ ಕೂತವನೂ ಎದ್ದು ನಿಲ್ಲುತ್ತಿದ್ದ. ಮಿಲಿಟರಿಯಿಂದ ಬಂದ ಒಬ್ಬರ ಹತ್ತಿರ ಅವರು ಒಂದು ಹಳೇ ಮೋಟರ್ ಸೈಕಲ್ ಕೊಂಡಿದ್ದರು. ಪರದೇಶದ ಗಾಡಿ, ನನ್ನಷ್ಟೇ ವಯಸ್ಸಿನದು, ಎಮ್ಮೆಯಷ್ಟು ಭಾರ. ಸಾಲಿ ಬಿಟ್ಟ ಮೇಲೆ ಸಂಜೆ, ಮತ್ತೆ ರವಿವಾರ ಪೂರ್ತಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹಳ್ಳಿ ಸುತ್ತಿಸುತ್ತಿದ್ದರು. ನಾನು ಬಾಣಂತಿಯ ಮನೆಯೊಳಗಿದ್ದರೆ ಅವರು ಹೊರಗೆ ಕಟ್ಟೆಯ ಮೇಲೆ ಕೂತು ಹುಡುಗರ ಬೆನ್ನು ನೆಟ್ಟಗೆ ಮಾಡಿಸುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ಆ ಗಾಡಿಯ ಮೇಲೆಯೇ ಹೆಚ್ಚು. ಅವರ ಬೆನ್ನಿಗೆ ಬಾಯಿ ಹಚ್ಚಿ ನಾನು ಕೂಗಬೇಕು, ಅವರು ಗಾಳಿಗೆ ಉತ್ತರ ಕೊಡಬೇಕು. ಮನೆಗೆ ಬಂದರೆ ಇಬ್ಬರಿಗೂ ದಣಿವು. ಉಂಡು ಮಲಗಿಬಿಡುತ್ತಿದ್ದೆವು.

ಆ ವರ್ಷದ ಮಾಗಿ ಚಳಿಯಲ್ಲಿ ನಮ್ಮೂರ ತಿರುವಿಗೆ ಹೊಂದಿ ಊರ ರೈತ ಹುಸೇನಸಾಬ ರಸ್ತೆಯ ತುಂಬ ಹುರುಳಿ ಹಾಸಿದ್ದ. ಹಳ್ಳಿ ಮುಗಿಸಿ ನಾವು ಬರುತ್ತಿದ್ದೆವು. ಅಲ್ಲಿ ಎಡಕ್ಕೆ ತಿರುಗಿದರೆ ಊರಿನ ಬಂಡಿದಾರಿ. ತಿರುಗಿದ ಕೂಡಲೇ ಒಂದು ಇಕ್ಕಟ್ಟಿನ ಕಿರುಸೇತುವೆ, ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲು. ತಿರುಗಿಸುವ ಹೊತ್ತಿಗೆ ಒಡೆದ ಕಾಳಿನ ಮೇಲೆ ಗಾಲಿ ಜಾರಿತು. ನಾನು ಪಕ್ಕದ ತೊಗರಿ ಹೊಲದಲ್ಲಿ ಬಿದ್ದೆ. ಮೈಮೇಲೆ ಒಂದು ಗೀರು ಕೂಡ ಇಲ್ಲ. ಅವರು ಗಾಡಿಯ ಜೊತೆಗೇ ಹೋಗಿ ಕಲ್ಲಿಗೆ ಹೊಡೆದರು. ಬಲಗಾಲು ಮೊಣಕಾಲ ಕೆಳಗೆ ಮುರಿಯಿತು. ಗಾಡಿಯ ಮುಂದಿನ ಗಾಲಿಯನ್ನು ಎರಡು ಕಡೆಯಿಂದ ಹಿಡಿದಿರುವ ಫೋರ್ಕ್ ಇರುತ್ತದಲ್ಲ, ಊರವರು ಅದನ್ನು ಮುಂಗಾಲು ಅನ್ನುತ್ತಿದ್ದರು, ಅದೂ ಹಿಂದಕ್ಕೆ ಮಡಚಿ ಗಾಲಿ ಎಂಜಿನ್ನಿಗೆ ತಾಗಿ ಕೂತಿತು.

ವಿಜಾಪುರದ ದವಾಖಾನೆಗೆ ನಡೆಯಿರಿ ಎಂದು ನಾನು ಅತ್ತೂ ಹೇಳಿದೆ, ಬೈದೂ ಹೇಳಿದೆ. ಕೇಳಲಿಲ್ಲ. ಅಲ್ಲಿ ಕಾಲು ಕತ್ತರಿಸುತ್ತಾರೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ನರ್ಸಿನ ಗಂಡ ಹೀಗೆ ಹೆದರಿದರೆ ಊರವರಿಗೆ ನಾನು ಯಾವ ಬಾಯಲ್ಲಿ ದವಾಖಾನೆಗೆ ನಡೆಯಿರಿ ಅನ್ನಲಿ? ಇಂಡಿ ಕಡೆಯಿಂದ ಎಲುಬು ಕೂಡಿಸುವವರು ಬಂದರು. ಬಿದಿರಿನ ದಬ್ಬೆ ಇಟ್ಟು, ತತ್ತಿಯ ಬಿಳಿ ಹಚ್ಚಿ, ಬಟ್ಟೆ ಸುತ್ತಿ ಕಟ್ಟಿದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕೂಡಿಸಿದ್ದರು, ನಾನು ಮುಟ್ಟಿ ನೋಡಿದ್ದೆ. ಕಾಲು ನೆಲಕ್ಕೆ ಊರಬೇಡಿ, ಕೂಡಿದ ಎಲುಬು ಸರಿಯುತ್ತದೆ ಎಂದು ಮತ್ತೆ ಮತ್ತೆ ಹೇಳಿ ಹೋದರು.

ಇವರು ಹೊರಸಿನ ಮೇಲೆ ಮಲಗಿದರು. ಗಾಡಿ ಅಂಗಳದ ಬೇವಿನ ಮರಕ್ಕೆ ಒರಗಿ ನಿಂತಿತು. ನಾನು ಮತ್ತೆ ನಡೆಯತೊಡಗಿದೆ.

ಆ ದಿನಗಳನ್ನು ನೆನೆದರೆ ಈಗಲೂ ಮಂಡಿ ನೋಯುತ್ತದೆ. ಬೆಳಿಗ್ಗೆ ಅವರಿಗೆ ಮೈ ಒರೆಸಿ, ರೊಟ್ಟಿ ಬಡಿದಿಟ್ಟು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ರೊಟ್ಟಿ ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೇ ಇರುತ್ತಿತ್ತು. ಒಂದು ದಿನ ಹೊಲದ ಮನೆಯೊಂದರಿಂದ ಬಂಡಿ ಬಂತು. ಸೊಸೆಗೆ ಬೇನೆ ಎದ್ದಿದೆ ಬರ್ರಿ ಎಂದರು. ಎತ್ತುಗಳು ಎಷ್ಟು ಓಡಿಯಾವು? ನಾನು ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ತಾಯಿಯನ್ನು ಉಳಿಸಿಕೊಂಡು ಮನೆಗೆ ಬಂದು ಹೊಸ್ತಿಲಲ್ಲೇ ಕೂತೆ. ಗಾಡಿ ಇದ್ದಿದ್ದರೆ ಅನ್ನುವ ಮಾತು ನಾಲಗೆಯ ತನಕ ಬಂತು. ನುಂಗಿಕೊಂಡೆ. ನಾನು ಹೇಳದಿದ್ದರೂ ಅವರಿಗೆ ಗೊತ್ತಾಯಿತು. ಆಮೇಲೆ ಅವರು ಮಾತನ್ನೇ ಬಿಟ್ಟುಬಿಟ್ಟರು. ಹೂಂ, ಊಹೂಂ, ಅಷ್ಟೇ. ನನಗೆ ಬೇಕಾಗಿದ್ದದ್ದು ಒಂದೇ. ಗಾಡಿ ನೆಟ್ಟಗಾಗಬೇಕು, ಅವರು ಎದ್ದು ಅದರ ಮೇಲೆ ಕೂರಬೇಕು, ನಾನು ಅವರ ಬೆನ್ನಿಗೆ ಬಾಯಿ ಹಚ್ಚಿ ಏನಾದರೂ ಕೂಗಬೇಕು.

ಸಿಂದಗಿಯ ಮೆಕ್ಯಾನಿಕ್ಕರು ಬಂದು ನೋಡಿ, ಈ ಗಾಡಿಯ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಗುಜರಿಗೆ ಹಾಕಿ ಅಂದರು. ಆಗ ಹುಸೇನಸಾಬ ಮುಂದೆ ಬಂದ. ತನ್ನ ಹುರುಳಿಯಿಂದಲೇ ಹೀಗಾಯಿತು ಎಂದು ಅವನು ಒಳಗೊಳಗೇ ಬೆಂದುಹೋಗಿದ್ದ. ದಿನಾ ಬೆಳಿಗ್ಗೆ ಹಾಲು ತಂದಿಟ್ಟು, ಒಳಗೆ ಬಾರದೆ ಬಾಗಿಲಿಂದಲೇ ಹೋಗುತ್ತಿದ್ದ. ಅವನೇ ಊರ ಕಮ್ಮಾರ ಮಾನಪ್ಪನನ್ನು ಕರೆತಂದ. ಮಾನಪ್ಪ ಆಗ ಇಪ್ಪತ್ತೈದರ ಹುಡುಗ. ಬಂಡಿಗಾಲಿಗೆ ಪಟ್ಟಿ ಕೂರಿಸುವುದರಲ್ಲಿ ಗಟ್ಟಿಗ, ಮೋಟರ್ ಸೈಕಲ್ಲನ್ನು ಮಾತ್ರ ಕೈಯಿಂದ ಮುಟ್ಟಿದವನಲ್ಲ. ಆದರೂ ಧೈರ್ಯಕ್ಕೇನು ಕಡಿಮೆ ಇರಲಿಲ್ಲ. ಗಾಡಿಯ ಸುತ್ತ ಸುತ್ತಿ, ಬೆರಳಿಂದ ತಟ್ಟಿ ನೋಡಿ ಅಂದ:

"ಕಾಸಿದ್ರ ಕಬ್ಬಿಣ ಮೆತ್ತಗಾಗಿ ಕಸುವು ಹೋಗ್ತೈತ್ರಿ ಬಾಯಾರ. ತಣ್ಣಗಿದ್ದಾಗ ಜಗ್ಗಬೇಕು. ಮನಷ್ಯಾರ ಕೈಲೆ ಆಗಂಗಿಲ್ಲ, ಎತ್ತು ಹೂಡೂಣು."

ಗಾಡಿಗೆ ಎತ್ತು ಹೂಡುವುದನ್ನು ನೋಡಲು ಅರ್ಧ ಊರು ನಮ್ಮ ಅಂಗಳದಲ್ಲಿ ನೆರೆಯಿತು. ಮುಂದಿನ ಗಾಲಿ ಬಿಚ್ಚಿಟ್ಟರು. ಗಾಡಿಯ ಮೈಯನ್ನು ಬೇವಿನ ಬೊಡ್ಡೆಗೆ ಸರಪಳಿಯಿಂದ ಬಿಗಿದರು. ಮುಂಗಾಲಿನ ತುದಿಗೆ ಗೋಣಿ ಸುತ್ತಿ ಇನ್ನೊಂದು ಸರಪಳಿ ಹಾಕಿ ಹುಸೇನಸಾಬನ ಜೋಡೆತ್ತಿನ ನೊಗಕ್ಕೆ ಕಟ್ಟಿದರು. ಅವನು ಎತ್ತುಗಳ ಮುಂದೆ ನಿಂತು, ಮೂಗುದಾರ ಹಿಡಿದು, ಮಕ್ಕಳನ್ನು ರಮಿಸುವ ಹಾಗೆ ಒಂದೊಂದೇ ಹೆಜ್ಜೆ ಕರೆದ. ಮಾನಪ್ಪ ನೆಲಕ್ಕೆ ಮಂಡಿಯೂರಿ ಒಂದೇ ಕಣ್ಣಲ್ಲಿ ನೋಡುತ್ತಿದ್ದ. ಕಬ್ಬಿಣ ಕಿರುಗುಟ್ಟಿತು. ಬಾಗಿದ್ದದ್ದು ಮೆಲ್ಲಗೆ ಮುಂದೆ ಬಂತು. ನಮ್ಮ ಯಜಮಾನರ ಹೊರಸನ್ನು ಅವತ್ತು ಬಾಗಿಲ ಬಳಿ ಹಾಕಿದ್ದೆವು. ಎಷ್ಟೋ ದಿನಗಳ ಮೇಲೆ ಅವರು ಗೋಡೆ ಬಿಟ್ಟು ಹೊರಗೆ ನೋಡುತ್ತಿದ್ದರು. ಆ ಮುಖ ನೋಡಿ ನನಗೆ ಖುಷಿಯಾಗಿತ್ತು.

ಮುಂಗಾಲು ನೆಟ್ಟಗಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಮಾನಪ್ಪ ಇನ್ನೊಂದು ಕೂದಲೆಳೆ ಎಂದು ಕೈ ಮಾಡಿದ. ಇವರಿಗೆ ತಡೆಯಲಾಗಲಿಲ್ಲ. ಹೊರಸಿನಿಂದ ದಿಗ್ಗನೆ ಎದ್ದು ಮೈದಾನದ ದನಿಯಲ್ಲಿ ಒಮ್ಮೆಗೇ ಕೂಗಿದರು:

"ನಿಂದರ್ರೀ!"

ಆ ದನಿಗೆ ಮಕ್ಕಳು ನಿಲ್ಲುತ್ತಿದ್ದರು, ಎತ್ತುಗಳಿಗೆ ಏನು ಗೊತ್ತು? ಬೆದರಿ ಹುಸೇನಸಾಬನನ್ನು ನೂಕಿಕೊಂಡು ಓಡಿದವು. ಮುಂಗಾಲು ಮುಂದಕ್ಕೆ ಬಾಗಿ, ಜೊತೆಗೆ ಒಂದಿಷ್ಟು ತಿರುಚಿಕೊಂಡಿತು. ಇತ್ತ ಇವರು ಕಟ್ಟಿದ ಕಾಲನ್ನು ನೆಲಕ್ಕೆ ಊರಿಯೇ ಬಿಟ್ಟಿದ್ದರು. ಎದ್ದವರು ಹಾಗೇ ಬಾಗಿಲ ಚೌಕಟ್ಟು ಹಿಡಿದು ಕುಸಿದರು. ಎಲುಬು ಸರಿದಿತ್ತು. ಅವತ್ತು ಒಂದೇ ಗಳಿಗೆಯಲ್ಲಿ ನಮ್ಮ ಮನೆಯಲ್ಲಿ ಎರಡು ಸೊಟ್ಟಾದವು. ಜನ ಸದ್ದಿಲ್ಲದೆ ಚದುರಿದರು. ಮಾನಪ್ಪ ಸರಪಳಿ ಬಿಚ್ಚದೆ ಅಲ್ಲೇ ತಲೆಗೆ ಕೈಹೊತ್ತು ಕೂತ. ನಾನು ಯಾರನ್ನು ಬೈಯಲಿ? ಎಲ್ಲರೂ ನನಗಾಗಿಯೇ ಒದ್ದಾಡಿದವರು.

ಕಾಲು ಸೊಟ್ಟಾಗಿಯೇ ಕೂಡಿತು. ಕಟ್ಟು ಬಿಚ್ಚಿದ ದಿನ ಅವರು ಒಮ್ಮೆ ನೋಡಿಕೊಂಡರು. ಇನ್ನು ಡ್ರಿಲ್ ಮಾಸ್ತರಿಕೆ ಮುಗಿಯಿತು ಅಂದರು. ಸಾಲಿಯಿಂದ ಹೆಡ್ಮಾಸ್ತರು ಬಂದು, ಡ್ರಿಲ್ ಬೇಡ, ಕೂತು ಪಾಠ ಹೇಳಿ ಎಂದು ಒತ್ತಾಯ ಮಾಡಿದರು. ಇವರು ಗೋಡೆಯ ಕಡೆ ಹೊರಳಿ ಮಲಗಿದರು. ಕೋಲು ಹಿಡಿದು ನಡೆಯಬಹುದಿತ್ತು. ನಡೆಯಲಿಲ್ಲ. ಹೊರಸೇ ಊರು, ಗೋಡೆಯೇ ದೇವರು.

ಮಾನಪ್ಪ ಗಾಡಿಗೆ ಗಾಲಿ ಜೋಡಿಸಿಟ್ಟು ಹೋಗಿದ್ದ. ಇನ್ನೊಮ್ಮೆ ಬಗ್ಗಿಸಿದರೆ ಮುರಿದೇ ಹೋಗುತ್ತದೆ, ಓಡುವಷ್ಟು ಓಡಲಿ ಅಂದಿದ್ದ. ನೋಡಲು ಮೂತಿ ಮುಂದೆ ಚಾಚಿದ ಕುದುರೆಯ ಹಾಗಿತ್ತು. ನನಗೆ ತಲೆ ಕೆಟ್ಟಿತ್ತು. ಒಂದು ದಿನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹತ್ತಿ ಕೂತೆ. ಸೈಕಲ್ ಬರುತ್ತಿತ್ತು, ಟ್ರೇನಿಂಗಿನಲ್ಲಿ ಕಲಿತಿದ್ದೆ. ಆದರೆ ಎಂಜಿನ್ ಚಾಲೂ ಆಗುವುದು, ಒಂದು ಜಿಗಿತ ಜಿಗಿದು ಬಂದ್ ಬೀಳುವುದು, ಹೀಗೇ ನಡೆಯಿತು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಕೊನೆಗೆ ಒಳಗಿಂದ ಸಿಟ್ಟಿನ ದನಿ ಬಂತು.

"ಕ್ಲಚ್ ಒಮ್ಮೆಲೆ ಬಿಡಬ್ಯಾಡ ಸುಶೀಲಾ. ಕೂಸಿನ ಕೈ ಬಿಡೋಹಂಗ ಬಿಡು."

ಎಷ್ಟು ದಿನಗಳ ಮೇಲೆ ನನ್ನ ಹೆಸರು ಕೇಳಿದ್ದೆ! ಗಾಡಿಯ ಮೇಲೇ ಕೂತು ಕಣ್ಣೊರೆಸಿಕೊಂಡೆ. ಆಮೇಲೆ ಹೊರಸಿನಿಂದಲೇ ಅವರು ಪಾಠ ಹೇಳಿದರು, ಬೈದರು, ನಾನು ತಿರುಗಿ ಬೈದೆ. ಗಾಡಿ ಓಡಿತು.

ಅದರ ಸ್ವಭಾವ ಬೇಗನೇ ತಿಳಿಯಿತು. ಮುಂದೆ ಚಾಚಿದ್ದರಿಂದ ನೆಟ್ಟನೆಯ ದಾರಿಯಲ್ಲಿ ಅದು ಅಲುಗುತ್ತಲೇ ಇರಲಿಲ್ಲ, ಹೊಸದಾಗಿ ಕಲಿತ ನನಗೆ ಅದು ಒಳ್ಳೆಯದೇ ಆಯಿತು. ಒಳಗಿನ ಸ್ಪ್ರಿಂಗು ಸಿಕ್ಕಿಬಿದ್ದು ಕುಣಿ ಬಂದಾಗಲೆಲ್ಲ ಮುಂಗೈಗೆ ಸುತ್ತಿಗೆ ಏಟು ಬಿದ್ದ ಹಾಗಾಗುತ್ತಿತ್ತು. ಬಲಕ್ಕೆ ಹೇಗೆ ಬೇಕಾದರೂ ತಿರುಗುತ್ತಿತ್ತು. ಎಡಕ್ಕೆ ಮಾತ್ರ ಇಲ್ಲ. ಹ್ಯಾಂಡಲ್ ಸ್ವಲ್ಪ ಎಡಕ್ಕೆ ಹೊರಳಿತೋ ಇಲ್ಲವೋ, ತಿರುಚಿದ ಮುಂಗಾಲಿನ ಮೇಲ್ತುದಿ ಪೆಟ್ರೋಲ್ ಟಾಕಿಗೆ ತಾಗಿ ನಿಂತುಬಿಡುತ್ತಿತ್ತು. ಬಯಲಿದ್ದರೆ ದೊಡ್ಡ ಸುತ್ತು ಹಾಕಿ ತಿರುಗಿಸಬೇಕು. ಇಕ್ಕಟ್ಟಿದ್ದರೆ ಯಾರಾದರೂ ಮುಂದಿನ ಗಾಲಿ ಎತ್ತಿ ಎಡಕ್ಕೆ ಇಡಬೇಕು. ಅದು ನನ್ನ ಒಬ್ಬಳ ಕೈಲಾಗುವ ಕೆಲಸವಲ್ಲ. ಹಳ್ಳಿಗಳಲ್ಲಿ ಹೊಲದವರನ್ನು ಕೂಗುತ್ತಿದ್ದೆ, ನಗುತ್ತ ಬಂದು ಎತ್ತಿಡುತ್ತಿದ್ದರು.

ಆದರೆ ನಮ್ಮೂರ ತಿರುವು! ಊರಿಂದ ಹೊರಟು ಹಳ್ಳಿಗಳ ಕಡೆ ಹೋಗುವಾಗ ಅದು ಬಲಕ್ಕೆ, ತೊಂದರೆಯಿಲ್ಲ. ಮನೆಗೆ ಬರುವಾಗ ಎಡಕ್ಕೆ, ಎದುರಿಗೇ ಆ ಕಿರುಸೇತುವೆ, ಅದೇ ಕಲ್ಲು. ಮೊದಲ ದಿನ ಹೊತ್ತು ಮುಳುಗುವಾಗ ಬಂದು ಅಲ್ಲಿ ಸಿಕ್ಕಿಬಿದ್ದೆ. ಮುಂದೆ ಹೋದರೆ ಕಲ್ಲಿಗೆ, ಹಿಂದೆ ಜಗ್ಗಲು ಬಲವಿಲ್ಲ. ಎಂಜಿನ್ ಬಂದ್ ಮಾಡಿ ಕಲ್ಲಿನ ಮೇಲೆ ಕೂತೆ. ಮೈಯೆಲ್ಲ ಸೋತಿತ್ತು. ಯಾರೂ ಬರದಿದ್ದರೆ ಬೆಳತನಕ ಇಲ್ಲೇ ಕೂರುತ್ತೇನೆ, ಏನಾದರೂ ಆಗಲಿ ಅನ್ನಿಸಿತು. ಆಗ ಬಂಡಿದಾರಿಯಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದು. ಗಾಡಿಯ ಸದ್ದು ತಿರುವಿನ ತನಕ ಬಂದು ನಿಂತದ್ದು ಅವರಿಗೆ ಮನೆಗೆ ಕೇಳಿಸಿತ್ತು. ಅಷ್ಟು ದೂರ ಆ ಕಾಲಿನಲ್ಲಿ ಬಂದಿದ್ದರು. ಮುಖವೆಲ್ಲ ಬೆವರು. ಕೋಲು ಪಕ್ಕಕ್ಕಿಟ್ಟು, ಬಗ್ಗಿ, ಮುಂದಿನ ಗಾಲಿಯನ್ನು ಎರಡೂ ಕೈಯಿಂದ ಎತ್ತಿ ಎಡಕ್ಕೆ ಇಟ್ಟರು. ತೋಳಿನ ಬಲ ಹೋಗಿರಲಿಲ್ಲವಲ್ಲ.

"ಹತ್ತು. ನಡಿ," ಅಂದರು.

ಹೆಂಡತಿಯ ಹಿಂದೆ ಕೂತು ಊರೊಳಗೆ ಹೋಗಲು ಅವರಿಗೆ ಅವತ್ತು ಮನಸ್ಸಾಗಲಿಲ್ಲ. ನಾನು ಅವರ ನಡಿಗೆಗೆ ತಕ್ಕ ಹಾಗೆ ಗಾಡಿ ಬಿಟ್ಟೆ. ಅವರು ದೀಪದ ಬೆಳಕಿನಲ್ಲಿ ಮುಂದೆ ಮುಂದೆ ಕುಂಟುತ್ತ ನಡೆದರು. ಆ ಮುರಿದ ನಡಿಗೆಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವತ್ತೇ.

ಮರುದಿನ ನಾನು ತಿರುವಿಗೆ ಬರುವ ಹೊತ್ತಿಗೆ ಅವರು ಕಲ್ಲಿನ ಮೇಲೆ ಕೂತಿದ್ದರು. ಅದರ ಮರುದಿನವೂ ಇದ್ದರು. ಬರಬರುತ್ತ ಅದು ಅವರ ಕೆಲಸವೇ ಆಯಿತು. ಬಿಸಿಲು ಇಳಿಯುತ್ತಲೇ ಮುಖ ತೊಳೆದು, ಅಂಗಿ ಬದಲಿಸಿ, ಕೋಲು ತೆಗೆದುಕೊಂಡು ಹೊರಡುವುದು. ನನಗೆ ಹೊತ್ತಾದರೆ ಅಲ್ಲಿ ದನ ಹೊಡೆದುಕೊಂಡು ಬರುವ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಸುವುದು. ಬೇಸಿಗೆ ಏರಿತು. ಗಾಳಿ ಕುಲುಮೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಹೆರಿಗೆ, ಜ್ವರ, ವಾಂತಿಭೇದಿ ಎಂದು ನಾನು ಹೈರಾಣಾಗಿ ಬರುತ್ತಿದ್ದೆ. ದೂರದಿಂದ ಆ ಕಲ್ಲಿನ ಮೇಲೆ ಬಿಳಿ ಅಂಗಿ ಕಂಡರೆ, ಅಬ್ಬಾ, ಮನೆ ಬಂತು ಅನ್ನಿಸುತ್ತಿತ್ತು. ಮೊದಲ ಮಳೆ ಬಿದ್ದ ಸಂಜೆ ಕೆಸರಿನಲ್ಲಿ ನಡೆಯಲಾರದೆ ಅವರು ನನ್ನ ಹಿಂದೆ ಹತ್ತಿ ಕೂತರು. ಊರೊಳಗೆ ಹೋಗುವಾಗ ಯಾರೋ ಹೆಂಗಸರು ಕಿಸಕ್ಕೆಂದರು. ನಗಲಿ ಬಿಡು ಎಂದು ನನ್ನ ಕಿವಿಯ ಹತ್ತಿರ ಕೂಗಿದರು. ಸಾಲಿ ಶುರುವಾದಾಗ ಹೆಡ್ಮಾಸ್ತರಿಗೆ ಬರುತ್ತೇನೆ ಎಂದು ತಾವೇ ಹೇಳಿ ಕಳಿಸಿದರು. ಬಸ್ಸಿನಲ್ಲಿ ಸಿಂದಗಿಗೆ ಹೋಗಿ, ಸಂಜೆ ತಿರುವಿನಲ್ಲಿ ಇಳಿದು, ನಾನು ಬರುವ ತನಕ ಅದೇ ಕಲ್ಲಿನ ಮೇಲೆ ಕಾಯುತ್ತಿದ್ದರು.

ಆ ಮಳೆಗಾಲದಲ್ಲೇ ಒಮ್ಮೆ ಮಾನಪ್ಪ ಊರಿನ ನನ್ನ ದವಾಖಾನೆಯ ಬಾಗಿಲಿಗೆ ಬಂದ. ಟಾಕಿಯ ಅಡಿಗೆ ಒಂದು ಕಟ್ಟಿಗೆಯ ತುಂಡು ಕೊಟ್ಟು ಸ್ವಲ್ಪ ಎತ್ತರಿಸಿದರೆ ಮುಂಗಾಲು ತಾಗುವುದಿಲ್ಲ, ಎಡಕ್ಕೂ ತಿರುಗುತ್ತದೆ, ಮೊದಲೇ ಹೊಳೆಯಲಿಲ್ಲ ಎಂದು ಕೈಕೈ ಹಿಸುಕಿಕೊಂಡ. ಕೆತ್ತಿದ ತುಂಡನ್ನು ಕೈಯಲ್ಲೇ ತಂದಿದ್ದ. ನಾನು ಅದನ್ನು ನೋಡಿದೆ. ನನ್ನ ಮುಂಗೈ ನೋವು ನೆನಪಾಯಿತು, ಹೊಲದವರನ್ನು ಕೂಗಿ ಕೂಗಿ ಬತ್ತಿದ ಗಂಟಲು ನೆನಪಾಯಿತು. ಆಮೇಲೆ ಆ ಬಿಳಿ ಅಂಗಿ ನೆನಪಾಯಿತು.

"ಬ್ಯಾಡೋ ಮಾನಪ್ಪ. ಇರಲಿ ಬಿಡು. ಮಾಸ್ತರ ಮುಂದ ಈ ಮಾತು ತಗೀಬ್ಯಾಡ," ಅಂದೆ. ಅವನು ನನ್ನ ಮುಖವನ್ನೇ ನೋಡಿ, ಆತ್ರಿ ಬಾಯಾರ ಎಂದು ಹೋದ.

ಬಾಗೇವಾಡಿಗೆ ವರ್ಗವಾಗುವ ತನಕ ನಾವು ಹಾಗೇ ನಡೆಸಿದೆವು. ಅಲ್ಲಿ ಗಾಡಿಯ ಅಗತ್ಯ ಬೀಳಲಿಲ್ಲ, ಮಾರಿಬಿಟ್ಟೆವು. ಇವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಆ ಕಟ್ಟಿಗೆ ತುಂಡಿನ ಮಾತನ್ನು ನಾನು ಅವರಿಗೆ ಕೊನೆಯ ತನಕ ಹೇಳಲಿಲ್ಲ. ಹೇಳಿದರೆ, ಅವರನ್ನು ಎಬ್ಬಿಸಲು ಹೂಡಿದ ಆಟ ಅಂದುಕೊಂಡಾರು ಎಂದು ಹೆದರಿಕೆ.

ನಮ್ಮ ಕಾರು ಊರು ಮುಟ್ಟಿದಾಗ ಮಾನಪ್ಪ ಕುಲುಮೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಎಲುಬು ತೊಗಲು ಅಷ್ಟೇ ಉಳಿದಿತ್ತು. ಕೈ ಹಿಡಿದು ನಾಡಿ ನೋಡಿದೆ, ಹಳೇ ಚಾಳಿ. ಅವನು ನಕ್ಕ. ಹುಸೇನಸಾಬ ಹೋದದ್ದು, ಬೇವಿನ ಮರ ಹೋದದ್ದು, ಎಲ್ಲ ಹೇಳಿದ. ಆಮೇಲೆ ಅಂದ:

"ಒಂದ್ ಮಾತು ಹೊಟ್ಟ್ಯಾಗ ಇಟ್ಕೊಂಡೇನ್ರಿ ಬಾಯಾರ. ಆ ಕಟ್ಟಿಗಿ ತುಂಡು ನಿಮಗ ತೋರಸೂಕಿಂತ ಮೊದಲ ಮಾಸ್ತರ್ರಿಗೆ ತೋರ್ಸಿದ್ನಿ. ಬ್ಯಾಡ ಅಂದ್ರು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. ನನಗ ತಡೀಲಿಲ್ಲ, ಮರದಿನ ನಿಮ್ಮ ಕಡೆ ಬಂದ್ನಿ."

ಯಾಕೆ ಬೇಡ ಅಂದರು ಎಂದು ಕೇಳಿದೆ.

"ಗಾಡಿ ತಾನ ತಿರುಗಿದ್ರ ಅಕಿ ನಿಂದ್ರದ ಹೋಗ್ತಾಳೋ ಮಾನಪ್ಪ, ನಾ ಅಲ್ಲಿ ಯಾಕ ಕುಂದರ್ಲಿ, ಅಂದ್ರು."

ಅವನ ಕೈ ಬಿಟ್ಟು ಎದ್ದು ಕುಲುಮೆಯ ಕಡೆ ಹೋಗಿ ನಿಂತೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಗುಟ್ಟನ್ನು ಇಬ್ಬರೂ ಮುಚ್ಚಿಟ್ಟುಕೊಂಡಿದ್ದೆವಲ್ಲ. ಹೇಳಿದ್ದರೆ ಒಮ್ಮೆಯಾದರೂ ಜೊತೆಗೆ ಕೂತು ನಗಬಹುದಾಗಿತ್ತು. ಈಗ ಯಾರ ಜೊತೆ ನಗಲಿ?

ಮಾನಪ್ಪನ ಸೊಸೆ ಕೊಟ್ಟ ಚಹಾ ಕುಡಿದು ಹೊರಟೆವು. ಬಂಡಿದಾರಿಗೆ ಈಗ ಡಾಂಬರು. ಸಿಂದಗಿಗೆ ಹೋಗುವವರು ತಿರುವಿನಲ್ಲಿ ಎಡಕ್ಕೆ ಹೊರಳಬೇಕು. ಕಿರುಸೇತುವೆ ಅಗಲವಾಗಿದೆ, ಕಲ್ಲು ಮಾತ್ರ ಒಂದು ಉಳಿದಿದೆ. ಅದು ಹತ್ತಿರ ಬಂದ ಹಾಗೆ ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಗಾಡಿ ಇನ್ನೇನು ನಿಲ್ಲುತ್ತದೆ ಅನ್ನುವವರ ಹಾಗೆ. ಹುಡುಗ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿದ. ಕಾರು ನಿಲ್ಲದೆ, ತಡೆಯದೆ, ಎಡಕ್ಕೆ ಹೊರಳಿ ಮುಂದೆ ಹೋಯಿತು.